ಹುಡುಗ ಇನ್ನೂ ಒಟಿಎ ಟ್ರೇನಿಂಗ್‌ನಲ್ಲಿದ್ದಾರೆ, ಈಗಲೇ ಧಾರೆ ಮುಗಿಸಿಬಿಡಬಹುದಾ?

ಕಾಯ್ತಿರೋ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನನ್ನ ನಿಶ್ಚಿತಾರ್ಥ ಆಗಿ ನಾಲ್ಕು ತಿಂಗಳಾಯ್ತು. ಹುಡುಗ ಚೆನ್ನೈನಲ್ಲಿರೋ ಸೇನೆಯ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಯಲ್ಲಿ (ಒಟಿಎ) ಇದ್ದಾರೆ. ಮೊದಲ ಟರ್ಮ್ ಮುಗೀತಾ ಬಂತು, ಸೆಪ್ಟೆಂಬರ್‌ನಲ್ಲಿ ಪಾಸಿಂಗ್ ಔಟ್ ಪರೇಡ್. ಮುಂದಿನ ತಿಂಗಳು ಟರ್ಮ್ ಬ್ರೇಕ್‌ಗೆ ಬರ್ತಾರೆ. ಅವರ ಅಜ್ಜಿಗೆ ತುಂಬಾ ಹುಷಾರಿಲ್ಲ. "ಕಣ್ಣಾರೆ ಮೊಮ್ಮಗನ ಧಾರೆ ನೋಡ್ಬೇಕು" ಅಂತ ದಿನಾ ಹೇಳ್ತಿದ್ದಾರೆ. ಹಾಗಾಗಿ ಈ ಬ್ರೇಕ್‌ನಲ್ಲೇ ದೇವಸ್ಥಾನದಲ್ಲಿ ಮನೆಯವರಷ್ಟೇ ಸೇರಿ ತಾಳಿ ಕಟ್ಟಿಸೋಣ, ಆರತಕ್ಷತೆ ಕಮಿಷನ್ ಆದ್ಮೇಲೆ, ಅಂದ್ರೆ ಅವರು ಆಫೀಸರ್ ಆದ್ಮೇಲೆ, ಮಾಡೋಣ ಅಂತ ಎರಡೂ ಮನೆಯವರು ಹೇಳ್ತಿದ್ದಾರೆ. ಅವರಿಗೂ ಮನಸ್ಸಿದೆ, ಆದರೆ ಭಯವೂ ಇದೆ. ಫೋನ್ ಸಿಗೋದು ವಾರಕ್ಕೊಮ್ಮೆ, ಪೂರ್ತಿ ಮಾತಾಡೋಕೆ ಆಗ್ತಿಲ್ಲ.

ಎರಡನೇ ಪ್ರಶ್ನೆ, ಮನೆ ಸಾಗಿಸೋದು. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಕೆಲಸಕ್ಕೆ ಯಾವಾಗ ರಾಜೀನಾಮೆ ಕೊಡಬೇಕು? ಅಮ್ಮ ಆಗಲೇ ಮಂಚ, ಬೀರು ಎಲ್ಲ ನೋಡಿಟ್ಟಿದ್ದಾರೆ. ಅನುಭವ ಇರೋರು ದಯವಿಟ್ಟು ಹೇಳಿ.

ಸುಬೇದಾರ್_ನಿವೃತ್ತ:
ಬೇಡ ತಂಗಿ. ಖಂಡಿತ ಬೇಡ. ಟ್ರೇನಿಂಗ್ ಮುಗಿಯೋವರೆಗೆ ತಾಳಿ ಅನ್ನೋ ಮಾತೇ ಎತ್ತಬೇಡಿ.

ಕಂಟೋನ್ಮೆಂಟ್_ಅಕ್ಕ:
ನಮ್ಮೆಜಮಾನ್ರು ಸೇನೆಯಲ್ಲಿ 19 ವರ್ಷ ಮುಗಿಸಿದ್ದಾರೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಹುಡುಗ ಸಿಡಿಎಸ್ (ಸೇನಾ ಆಫೀಸರ್ ಆಯ್ಕೆ ಪರೀಕ್ಷೆ) ಅರ್ಜಿ ಹಾಕುವಾಗ ಅಧಿಸೂಚನೆಯಲ್ಲೇ ಸ್ಪಷ್ಟವಾಗಿ ಬರೆದಿರುತ್ತೆ: ತರಬೇತಿ ಪೂರ್ತಿ ಮುಗಿಯೋವರೆಗೆ ಮದುವೆ ಆಗಲ್ಲ ಅಂತ ಅಭ್ಯರ್ಥಿ ಒಪ್ಪಿಕೊಡಬೇಕು. ತರಬೇತಿ ಮಧ್ಯೆ ಮದುವೆಯಾದರೆ ಹೊರಗೆ ಕಳಿಸ್ತಾರೆ, ಸರ್ಕಾರ ಅಲ್ಲಿವರೆಗೆ ಮಾಡಿದ ಖರ್ಚನ್ನೂ ವಾಪಸ್ ಕಟ್ಟಬೇಕು. ಅದು ಬರೀ ಹೆದರಿಸೋಕೆ ಬರೆದ ಸಾಲಲ್ಲ. 49 ವಾರದ ತರಬೇತಿಯಲ್ಲಿ ಅರ್ಧದ ಹತ್ತಿರ ಬಂದಿದ್ದಾರೆ, ಎಸ್‌ಎಸ್‌ಬಿ ಸಂದರ್ಶನದ ಐದು ದಿನ, ಮೆಡಿಕಲ್ ಎಲ್ಲ ದಾಟಿ ಬಂದಿದ್ದಾರೆ. ಇನ್ನು ಆರು ತಿಂಗಳಿಗೋಸ್ಕರ ಅದನ್ನೆಲ್ಲ ಪಣಕ್ಕಿಡಬೇಡಿ.

ನಿಶ್ಚಿತಾರ್ಥಕ್ಕೆ ಯಾವ ತೊಂದರೆಯೂ ಇಲ್ಲ. ಅಡ್ಡಿ ಇರೋದು ಮದುವೆಗೆ ಮಾತ್ರ.

ಗಟ್ಟಿಮಾತು:
ಇಷ್ಟೆಲ್ಲ ಹೆದರಿಸ್ತೀರಲ್ಲ! ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ತಾಳಿ ಕಟ್ಟಿದ್ರೆ ಯಾರಿಗೆ ಗೊತ್ತಾಗುತ್ತೆ? ರಿಜಿಸ್ಟರ್ ಮಾಡಿಸಿದ್ರೆ ತಾನೇ ಕಾನೂನಿನ ಲೆಕ್ಕಕ್ಕೆ ಬರೋದು. ರಿಜಿಸ್ಟ್ರೇಷನ್ ಸೆಪ್ಟೆಂಬರ್ ಆದ್ಮೇಲೆ ಮಾಡಿಸಿ, ಮುಗೀತು.

ವಕೀಲ_ಮಲೆನಾಡು:
ಗಟ್ಟಿಮಾತು ಅವರೇ, ನೀವು ಹೇಳಿದ್ದು ಪೂರ್ತಿ ತಲೆಕೆಳಗು. ಹಿಂದೂ ವಿವಾಹ ಕಾಯ್ದೆ 1955ರ 7ನೇ ಸೆಕ್ಷನ್ ಪ್ರಕಾರ ಮದುವೆ ಆಗೋದು ಶಾಸ್ತ್ರದಿಂದ. ವಧು ಅಥವಾ ವರನ ಕಡೆಯ ರೂಢಿಯ ಶಾಸ್ತ್ರ ನಡೆದರೆ ಸಾಕು. ಸಪ್ತಪದಿ ಇರೋ ಕಡೆ ಏಳನೇ ಹೆಜ್ಜೆ ಇಟ್ಟ ಕ್ಷಣ ಮದುವೆ ಪೂರ್ಣ. ನೋಂದಣಿ ಅದಕ್ಕೆ ಸಾಕ್ಷಿ ಅಷ್ಟೇ. 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನೊಂದು ಕಡೆಯಿಂದ ಹೇಳಿತು: ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ಮದುವೆ ಅಲ್ಲ. ಅಂದ್ರೆ ದೇವಸ್ಥಾನದಲ್ಲಿ ಧಾರೆ ಎರೆದರೆ ಇವರು ಗಂಡ ಹೆಂಡತಿ, ರಿಜಿಸ್ಟ್ರಾರ್ ಆಫೀಸಿಗೆ ಹೋಗಲಿ ಬಿಡಲಿ.

ಮುಂದಿನ ಸಮಸ್ಯೆ ಇನ್ನೂ ದೊಡ್ಡದು. ಆಮೇಲೆ ನೋಂದಣಿ ಮಾಡಿಸುವಾಗ ಮದುವೆ ದಿನಾಂಕ ಬರೀಬೇಕಲ್ಲ? ನಿಜ ಬರೆದರೆ ಟ್ರೇನಿಂಗ್‌ನಲ್ಲಿ ಮದುವೆಯಾದದ್ದು ದಾಖಲೆಯಾಗುತ್ತೆ. ಬೇರೆ ದಿನಾಂಕ ಬರೆದರೆ ಸುಳ್ಳು ಘೋಷಣೆ. ಆಫೀಸರ್ ಆಗೋ ಮನುಷ್ಯನ ಸರ್ವಿಸ್ ದಾಖಲೆಯ ಮೊದಲ ಸಾಲೇ ಸುಳ್ಳಾಗಬಾರದು.

ಗಟ್ಟಿಮಾತು:
ಸೆಕ್ಷನ್ 7 ವಿಷಯ ನನಗೆ ಗೊತ್ತಿರಲಿಲ್ಲ. ಮಾತು ವಾಪಸ್ ತಗೋತೀನಿ. ಆದರೂ ಅಜ್ಜಿಯ ಆಸೆ ಏನು ಮಾಡೋದು?

ಬೆಳಗಾವಿ_ತಮ್ಮ:
ಅಕ್ಕಾರ, ಫೋಟೋ ಒಂದು ಸಾಕ್ರಿ. ಯಾರೋ ಒಬ್ರು ಚಿಕ್ಕಮ್ಮ ವಾಟ್ಸಾಪ್ ಸ್ಟೇಟಸ್ ಹಾಕಿದ್ರ ಮುಗೀತು. ನಮ್ಮ ಕಡೆ ಮನಿಗೊಬ್ಬ ಫೌಜಿ ಅದಾನ, ಇಂಥಾ ಸುದ್ದಿ ಯೂನಿಟ್ ತನಕ ಮುಟ್ಟೂದು ತಡ ಆಗಂಗಿಲ್ಲ.

ಇನ್ನೊಂದು ಮಾತು, ಈ ನಿಯಮ ಆಫೀಸರ್‌ಗಳಿಗೆ ಅಷ್ಟ ಅಲ್ಲ. ನನ್ನ ಸ್ವಂತ ತಮ್ಮ ಅಗ್ನಿವೀರ, ಅಗ್ನಿಪಥ್ ಯೋಜನೆಯಾಗ ನಾಲ್ಕು ವರ್ಷಕ್ಕ ಸೇರಿದಾಂವ. ಅವರಿಗೆ ಟ್ರೇನಿಂಗ್ ಮುಗಿದ್ರೂ ಮದುವಿ ಇಲ್ಲ, ನಾಲ್ಕೂ ವರ್ಷ ಇಲ್ಲ. ನಮ್ಮವ್ವ ಕನ್ಯಾ ನೋಡಾಕ ಹತ್ತಿದ್ಲು, ನಾನ ಬ್ಯಾಡ ಅಂತ ನಿಲ್ಸಿದೆ.

ಹೊಸ_ಸದಸ್ಯೆ:
ಅಯ್ಯೋ, ನಾಲ್ಕು ವರ್ಷ ಪೂರ್ತಿನಾ? ನಮ್ಮ ಮನೆಗೆ ಒಬ್ಬ ಅಗ್ನಿವೀರ ಹುಡುಗನ ಸಂಬಂಧ ಬಂದಿದೆ, "ಬರೋ ವರ್ಷ ಮದುವೆ" ಅಂತಿದ್ದಾರೆ. ಹುಡುಗ ಏರ್‌ಫೋರ್ಸ್.

ಸುಬೇದಾರ್_ನಿವೃತ್ತ:
ಹೌದಮ್ಮ, ನಾಲ್ಕು ವರ್ಷ ಪೂರ್ತಿ. ವಾಯುಪಡೆಯ ಅಧಿಸೂಚನೆಯಲ್ಲಿ ಮದುವೆಯಾದರೆ ಸೇವೆಯಿಂದ ವಜಾ ಅಂತಲೇ ಇದೆ. ಸೇರುವಾಗ ಅವಿವಾಹಿತ ಅಂತ ಸರ್ಟಿಫಿಕೇಟ್ ಕೊಟ್ಟಿರ್ತಾನೆ. 2022ರ ಜೂನ್‌ನಲ್ಲಿ ಅಗ್ನಿಪಥ್ ಘೋಷಣೆ ಆದಾಗಿಂದ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದರೂ ಊರಲ್ಲಿ ಮದುವೆ ಮಾತುಕತೆ ನಿಂತಿಲ್ಲ. ನಾಲ್ಕು ವರ್ಷ ಆದ್ಮೇಲೆ ಕಾಯಂ ಆಗೋದು ಗರಿಷ್ಠ 25 ಶೇಕಡಾ. ಉಳಿದವರು ಸೇವಾನಿಧಿ ದುಡ್ಡು ತಗೊಂಡು ಮನೆಗೆ ಬರ್ತಾರೆ, ಪಿಂಚಣಿ ಇರಲ್ಲ. ಇದನ್ನೆಲ್ಲ ತಿಳಿದುಕೊಂಡೇ ಮಾತು ಮುಂದುವರಿಸಿ. ಹುಡುಗ ಕೆಟ್ಟವನು ಅಂತಲ್ಲ, ಅವಸರ ಮಾಡಿದ್ರೆ ಅವನ ಕೆಲಸವೇ ಹೋಗುತ್ತೆ ಅಂತ.

ಹೊಸ_ಸದಸ್ಯೆ:
ತುಂಬಾ ಉಪಕಾರ ಸರ್. ಇವತ್ತೇ ಅಪ್ಪನಿಗೆ ತೋರಿಸ್ತೀನಿ.

ಕಾಯ್ತಿರೋ_ಹುಡುಗಿ:
ವಕೀಲರು ಬರೆದದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಸುಮ್ಮನಾದರು. ಆದರೆ ಅಜ್ಜಿ ಮುಖ ಕಣ್ಮುಂದೆ ಬರುತ್ತೆ. ಸೆಪ್ಟೆಂಬರ್‌ವರೆಗೆ ಅವರು ಇರ್ತಾರೋ ಇಲ್ವೋ ಅಂತ ಡಾಕ್ಟರೂ ಹೇಳ್ತಿಲ್ಲ. ಹೇಗೆ ಹೇಳಲಿ ಅವರಿಗೆ?

ಕೊಡಗಿನವಳು:
ನಾನು ಕೊಡಗಿನವಳು. ನಮ್ಮಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಫೋಟೋ ಇಲ್ಲದ ಮನೆ ಕಡಿಮೆ. ನನ್ನ ಅಜ್ಜಿಯೂ ಹೀಗೇ ಹಟ ಹಿಡಿದಿದ್ದರು, ಆಗ ನನ್ನಣ್ಣ ಡೆಹ್ರಾಡೂನ್‌ನಲ್ಲಿ ಐಎಂಎ (ಇಂಡಿಯನ್ ಮಿಲಿಟರಿ ಅಕಾಡೆಮಿ) ಕೆಡೆಟ್. ನಾವು ಏನು ಮಾಡಿದ್ವಿ ಗೊತ್ತಾ? ಬ್ರೇಕ್‌ಗೆ ಬಂದಾಗ ಹುಡುಗಿಯನ್ನ ಮನೆಗೆ ಕರೆಸಿ, ಅಜ್ಜಿ ಕೈಯಿಂದಲೇ ಅವಳಿಗೆ ಸೀರೆ ಕೊಡಿಸಿ, ಅಕ್ಕಿ ಹಾಕಿಸಿ ಆಶೀರ್ವಾದ ಮಾಡಿಸಿದ್ವಿ. ಅಜ್ಜಿಯ ಪತ್ತಾಕ್ ಸರವನ್ನ (ನಮ್ಮಲ್ಲಿ ಮದುವೆಯಾದವರು ಹಾಕೋ ಸರ) ಅವರೇ ತೆಗೆದು ಅವಳ ಕೈಗಿಟ್ಟರು, "ಮದುವೆ ದಿನ ಹಾಕ್ಕೋ" ಅಂತ. ಶಾಸ್ತ್ರ ಒಂದೂ ಮಾಡಲಿಲ್ಲ, ತಾಳಿ ಇಲ್ಲ. ಅಜ್ಜಿ ಮದುವೆಗೆ ಎರಡು ತಿಂಗಳು ಮುಂಚೆ ಹೋದರು. ಆದರೆ ಅವರಿಗೆ ಏನೂ ಬಾಕಿ ಉಳಿದಿರಲಿಲ್ಲ ಅಂತ ನನಗೆ ಇವತ್ತಿಗೂ ಅನ್ಸುತ್ತೆ.

ಅಜ್ಜಿಗೆ ನಿಜ ಹೇಳಿ. "ಈಗ ತಾಳಿ ಕಟ್ಟಿದ್ರೆ ಮೊಮ್ಮಗನ ಹೆಗಲಿಗೆ ನಕ್ಷತ್ರ ಬರಲ್ಲ" ಅಂದ್ರೆ ಯಾವ ಅಜ್ಜಿಯೂ ಹಟ ಮಾಡಲ್ಲ.

ಕಾಯ್ತಿರೋ_ಹುಡುಗಿ:
ಓದಿ ಅಳು ಬಂತು ಅಕ್ಕ. ಹಾಗೇ ಮಾಡ್ತೀವಿ.

ಮಾಜಿ_ಕೆಡೆಟ್:
ಅಜ್ಜಿ ಆರೋಗ್ಯ ಸ್ವಲ್ಪ ಸುಧಾರಿಸಿದರೆ ಚೆನ್ನೈಗೆ ಕರ್ಕೊಂಡು ಹೋಗಿ. ಪರೇಡ್ ಮುಗಿದ ಮೇಲೆ ಪಿಪ್ಪಿಂಗ್ ಇರುತ್ತೆ, ಹೆಗಲ ಮೇಲಿನ ನಕ್ಷತ್ರವನ್ನ ಮುಚ್ಚಿರೋ ಪಟ್ಟಿಯನ್ನ ಮನೆಯವರು ತೆಗೀತಾರೆ. ಎಷ್ಟು ಜನಕ್ಕೆ ಪಾಸ್ ಸಿಗುತ್ತೆ ಅಂತ ಅವರ ಹತ್ರ ಮೊದಲೇ ಕೇಳಿಸಿ, ಗಾಲಿಕುರ್ಚಿ ಬೇಕು ಅಂತಲೂ ತಿಳಿಸಲಿ.

ಇನ್ನು ಎಲ್ಲರೂ ಮರೆಯೋ ಒಂದು ವಿಷಯ: ರೆಲಿಗೇಷನ್. ಓಟದ ಪರೀಕ್ಷೆಯಲ್ಲೋ ಈಜಲ್ಲೋ ಪಾಸಾಗದಿದ್ದರೆ, ಕಾಲಿಗೆ ಪೆಟ್ಟಾಗಿ ಹೆಚ್ಚು ದಿನ ತಪ್ಪಿದರೆ ಒಂದು ಟರ್ಮ್ ಹಿಂದೆ ಹಾಕ್ತಾರೆ. ಅಂದ್ರೆ ಸೀದಾ ಆರು ತಿಂಗಳು ಮುಂದಕ್ಕೆ. ನನಗೇ ಆಗಿತ್ತು. ಮೊಣಕಾಲ ಕೆಳಗೆ ಮೂಳೆ ಬಿರುಕು ಬಿಟ್ಟು ಪ್ಲಾಸ್ಟರ್. ಆ ಹೊತ್ತಿಗೆ ನನ್ನ ಭಾವೀ ಮಾವ ಛತ್ರ, ಅಡುಗೆಯವರು, ವಾಲಗ ಎಲ್ಲಕ್ಕೂ ಅಡ್ವಾನ್ಸ್ ಕೊಟ್ಟಾಗಿತ್ತು. ಛತ್ರದವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ದುಡ್ಡಿಗಿಂತ ಹೆಚ್ಚಾಗಿ, ನಾನು ಆಸ್ಪತ್ರೆ ಹಾಸಿಗೆಯಲ್ಲಿ ಮಲಗಿಕೊಂಡು "ನನ್ನಿಂದ ಎಲ್ಲ ಹಾಳಾಯ್ತು" ಅಂತ ಕೊರಗಿದ್ದು ಮರೆಯೋಕಾಗಲ್ಲ. ಕೆಡೆಟ್ ಮೇಲೆ ಮದುವೆ ದಿನಾಂಕದ ಹೊರೆ ಹೊರಿಸಬೇಡಿ. ಕಮಿಷನ್ ಆಗೋವರೆಗೆ ಯಾವ ಛತ್ರಕ್ಕೂ ದುಡ್ಡು ಕೊಡಬೇಡಿ.

ಬೆಳಗಾವಿ_ತಮ್ಮ:
ಖರೇ ಐತಿ.

ಕಂಟೋನ್ಮೆಂಟ್_ಅಕ್ಕ:
ಮುಹೂರ್ತದ ಲೆಕ್ಕವನ್ನೂ ಈಗಲೇ ಹಾಕಿ. ಸೆಪ್ಟೆಂಬರ್ ಪರೇಡ್ ಅಂದ್ರೆ ಹಿಂದೆ ಮುಂದೆ ಪಿತೃಪಕ್ಷ, ಆಗ ನಮ್ಮಲ್ಲಿ ಯಾರೂ ಮದುವೆ ಇಟ್ಟುಕೊಳ್ಳಲ್ಲ. ಕಮಿಷನ್ ಆದ್ಮೇಲೆ ಸಿಗೋ ಸ್ವಲ್ಪ ರಜೆ ಅದರಲ್ಲೇ ಕಳೆದುಹೋಗುತ್ತೆ, ಆಮೇಲೆ ಯೂನಿಟ್ ಸೇರಬೇಕು. ಹೊಸ ಲೆಫ್ಟಿನೆಂಟ್‌ಗೆ ಮೊದಲ ತಿಂಗಳುಗಳಲ್ಲಿ ಜವಾನರ ಜೊತೆಗೇ ವಾಸ, ಅವರ ಜೊತೆಗೇ ಊಟ, ಬೆಳಗಿನ ಪಿಟಿಯಿಂದ ರಾತ್ರಿ ಗಸ್ತುವರೆಗೆ. ಆಗ "ಸರ್, ಮದುವೆಗೆ ರಜೆ" ಅಂತ ಕೇಳೋದು ಕಷ್ಟ, ಆದರೆ ಕೇಳಿದರೆ ಒಳ್ಳೆ ಸಿಒ (ಕಮಾಂಡಿಂಗ್ ಆಫೀಸರ್) ಇಲ್ಲ ಅನ್ನಲ್ಲ. ಆಫೀಸರ್‌ಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಕ್ಯಾಶುವಲ್. ಅದು ಕಾಗದದ ಮೇಲೆ. ಯಾವಾಗ ಸಿಗುತ್ತೆ ಅನ್ನೋದು ಯೂನಿಟ್ ಕೆಲಸ ನೋಡಿ. ಜೋಯಿಸರ ಹತ್ರ ಒಂದೇ ಮುಹೂರ್ತ ಕೇಳಬೇಡಿ, ಕಾರ್ತಿಕದಲ್ಲಿ ಒಂದು, ಮಾಘದಲ್ಲಿ ಒಂದು ಇಟ್ಟುಕೊಳ್ಳಿ.

ಗಟ್ಟಿಮಾತು:
ಇದಕ್ಕೆ ನಾನು ಒಪ್ಪಲ್ಲ ಅಕ್ಕ. ಎರಡು ಮುಹೂರ್ತ ಇಟ್ಕೊಂಡ್ರೆ ನೆಂಟರಿಗೆ ಕಾಗದ ಹಂಚೋದು ಹೇಗೆ? ಪರೇಡ್ ಆದ ವಾರದಲ್ಲೇ ಪಿತೃಪಕ್ಷ ಶುರುವಾಗೋ ಮುಂಚೆ ಮುಗಿಸೋದು ವಾಸಿ.

ಕಂಟೋನ್ಮೆಂಟ್_ಅಕ್ಕ:
ಪಂಚಾಂಗದಲ್ಲಿ ಜಾಗ ಇದ್ದ ವರ್ಷ ಅದೂ ಆಗುತ್ತೆ. ಆದರೆ ಮೇಲೆ ಮಾಜಿ ಕೆಡೆಟ್ ಬರೆದದ್ದನ್ನ ಇನ್ನೊಮ್ಮೆ ಓದಿ. ಕಾಗದ ತಡವಾಗಿ ಹಂಚಬಹುದು, ಹಂಚಿದ ಕಾಗದ ವಾಪಸ್ ತಗೊಳ್ಳೋಕಾಗಲ್ಲ.

ನೌಕಾಪತ್ನಿ_ಕಾರವಾರ:
ನೌಕಾಪಡೆ, ವಾಯುಪಡೆಯವರೂ ಓದ್ತಿರಬಹುದು ಅಂತ ಬರೀತಿದ್ದೀನಿ. ಕೇರಳದ ಎಳಿಮಲದ ನೌಕಾ ಅಕಾಡೆಮಿಗೂ ಇದೇ ನಿಯಮ, ಮದುವೆ ಆಗದವರಿಗೆ ಮಾತ್ರ. ವಾಯುಪಡೆ ಅಕಾಡೆಮಿಯಲ್ಲಿ ಒಂದು ವ್ಯತ್ಯಾಸ ಇದೆ: 25 ದಾಟಿದ, ಮೊದಲೇ ಮದುವೆಯಾದವರು ಅರ್ಜಿ ಹಾಕಬಹುದು. ಆದರೆ ತರಬೇತಿ ಇರೋವರೆಗೆ ಸಂಸಾರಕ್ಕೆ ಮನೆ ಕೊಡಲ್ಲ, ಕ್ಯಾಂಪಸ್ ಹೊರಗೆ ಹೆಂಡತಿ ಜೊತೆ ಇರೋಕೂ ಬಿಡಲ್ಲ. ತರಬೇತಿ ನಡುವೆ ಮದುವೆ ಅಲ್ಲೂ ಇಲ್ಲ.

ನಿರ್ವಾಹಕ:
ಒಂದು ವಿನಂತಿ. ಯಾರೂ ಪತಿಯ ಯೂನಿಟ್ ಹೆಸರು, ಈಗಿನ ಪೋಸ್ಟಿಂಗ್ ಜಾಗ, ಪ್ರಯಾಣದ ದಿನಾಂಕ ಇಲ್ಲಿ ಬರೀಬೇಡಿ. ಎರಡು ಪೋಸ್ಟ್‌ಗಳಲ್ಲಿ ಇದ್ದದ್ದನ್ನ ತೆಗೆದಿದ್ದೀನಿ.

ಕಾಯ್ತಿರೋ_ಹುಡುಗಿ:
ಮದುವೆ ವಿಷಯ ಬಹುತೇಕ ತೀರ್ಮಾನ ಆಯ್ತು. ಈಗ ಕೆಲಸ ಮತ್ತು ಸಾಮಾನಿನ ವಿಷಯ ಹೇಳಿ. ಮದುವೆ ಆದ ತಕ್ಷಣ ಜೊತೆಗೆ ಹೋಗಬಹುದಲ್ವಾ?

ಮಾಜಿ_ಕೆಡೆಟ್:
ಮೊದಲ ಯೂನಿಟ್ ಎಲ್ಲಿದೆ ಅನ್ನೋದರ ಮೇಲೆ. ಫೀಲ್ಡ್, ಅಂದ್ರೆ ಗಡಿಯಂಥ ಜಾಗ, ಆದರೆ ಕುಟುಂಬ ಇಲ್ಲ. ಕುಟುಂಬ ಇರಬಹುದಾದ ಪೀಸ್ ಸ್ಟೇಷನ್ ಆದರೂ ಮೊದಲ ವರ್ಷದಲ್ಲಿ ವೈಒ (ಯಂಗ್ ಆಫೀಸರ್ಸ್) ಕೋರ್ಸ್ ಬರುತ್ತೆ. ಇನ್‌ಫೆಂಟ್ರಿಗೆ ಮಹೂ, ಆರ್ಟಿಲರಿಗೆ ದೇವಲಾಲಿ, ಎಂಜಿನಿಯರ್ಸ್‌ಗೆ ಪುಣೆ, ಎಎಸ್‌ಸಿ (ಸೇನೆಯ ಸರಬರಾಜು ವಿಭಾಗ) ಸಿಕ್ಕರೆ ನಿಮ್ಮ ಅದೃಷ್ಟ, ಬೆಂಗಳೂರು. ಕಮಾಂಡೋ ಕೋರ್ಸ್ ಬಂದರೆ ಬೆಳಗಾವಿ. ಕೋರ್ಸ್‌ಗೆ ಹೋದಾಗ ಮನೆ ಸಿಗುತ್ತೆ ಅಂತ ನಂಬಿಕೊಂಡು ಹೊರಡಬೇಡಿ.

ಕೊಡಗಿನವಳು:
ನಾನು ಹೋಗಿದ್ದೆ. ಮದುವೆಯಾಗಿ ಹದಿನೈದೇ ದಿನಕ್ಕೆ ಕೆಲಸ ಬಿಟ್ಟು ಹೊರಟೆ. ಕ್ವಾರ್ಟರ್ಸ್ ಸರದಿ ಬಂದಿರಲಿಲ್ಲ, ಹೊರಗೆ ಒಂದು ಕೋಣೆ ಬಾಡಿಗೆಗೆ ಹಿಡಿದ್ವಿ. ಆರನೇ ವಾರಕ್ಕೆ ಅವರು ಕೋರ್ಸ್‌ಗೆ ಹೋದರು. ಗೊತ್ತಿಲ್ಲದ ಊರು, ಹಿಂದಿ ಅರೆಬರೆ, ನಾನೊಬ್ಬಳೇ. ತಪ್ಪು ಅಂತ ಹೇಳ್ತಿಲ್ಲ, ಆ ಆರು ವಾರ ನಮಗೆ ಬೇಕಿತ್ತು. ಆದರೆ ಕೆಲಸ ಬಿಡಬಾರದಿತ್ತು, ರಜೆ ಹಾಕಿ ಹೋಗಬೇಕಿತ್ತು.

ಕಂಟೋನ್ಮೆಂಟ್_ಅಕ್ಕ:
ನನ್ನ ಅಭಿಪ್ರಾಯವೂ ಅದೇ. ಮನೆ ಅಲಾಟ್ ಆದ ಕಾಗದ ಕೈಗೆ ಬರೋವರೆಗೆ ರಾಜೀನಾಮೆ ಬರೀಬೇಡಿ. ಮನೆಯಿಂದಲೇ ಕೆಲಸ ಮಾಡೋ ಅವಕಾಶ ಇದ್ದರೆ ಈಗಿಂದಲೇ ಮ್ಯಾನೇಜರ್ ಹತ್ರ ಮಾತಾಡಿಡಿ. ಮುಂದೆ ಅವರು ಪೀಸ್‌ನಿಂದ ಫೀಲ್ಡ್‌ಗೆ ಹೋದಾಗ ನಿಮಗೆ ಎಸ್‌ಎಫ್‌ಎ ಅಂತ ಬೇರೆ ಮನೆ ಕೇಳೋ ಹಕ್ಕು ಇರುತ್ತೆ, ಅಂದ್ರೆ ಪತಿ ಗಡಿಯಲ್ಲಿದ್ದಾಗ ಕುಟುಂಬಕ್ಕೆ ಕೊಡೋ ವಸತಿ. ಅದಕ್ಕೂ ಸರದಿ ಇದೆ.

ಸುಬೇದಾರ್_ನಿವೃತ್ತ:
ಮನೆಗಿಂತ ಮುಂಚೆ ಕಾಗದ. ಮದುವೆಯಾದ ಮೇಲೆ ಯೂನಿಟ್‌ನಲ್ಲಿ ಪಾರ್ಟ್ ಟು ಆರ್ಡರ್, ಅಂದ್ರೆ ಮದುವೆಯನ್ನ ಸರ್ವಿಸ್ ದಾಖಲೆಗೆ ಸೇರಿಸೋ ಆದೇಶ, ಆಗಬೇಕು. ಅದು ಪ್ರಕಟ ಆಗೋವರೆಗೆ ದಾಖಲೆ ಪ್ರಕಾರ ನೀವು ಅವರ ಹೆಂಡತಿ ಅಲ್ಲ. ಡಿಪೆಂಡೆಂಟ್ ಕಾರ್ಡ್ ಇಲ್ಲ, ಮಿಲಿಟರಿ ಆಸ್ಪತ್ರೆಯಲ್ಲಿ ತೊಂದರೆ, ಕ್ವಾರ್ಟರ್ಸ್ ಅರ್ಜಿ ನಿಲ್ಲುತ್ತೆ. ಬೇಕಾಗೋದು ಮದುವೆ ಸರ್ಟಿಫಿಕೇಟ್, ಜೋಡಿ ಫೋಟೋ, ಆಧಾರ್. ನನ್ನ ಸರ್ವಿಸ್‌ನಲ್ಲಿ ನಾನು ನೋಡಿದ ದೊಡ್ಡ ತಲೆನೋವು ಅಂದ್ರೆ ನಮ್ಮ ಕಡೆಯ ಇನಿಷಿಯಲ್. ಒಂದು ಕಡೆ "ಕೆ. ಎಂ." ಅಂತ ಮುಂದೆ, ಇನ್ನೊಂದು ಕಡೆ ಹಿಂದೆ, ಪ್ಯಾನ್‌ನಲ್ಲಿ ತಂದೆ ಹೆಸರು ಪೂರ್ತಿ. ಉತ್ತರದ ಕಡೆಯ ಕ್ಲರ್ಕ್‌ಗೆ "ಸರ್‌ನೇಮ್ ಯಾವುದು" ಅಂತಲೇ ಅರ್ಥ ಆಗಲ್ಲ. ಒಂದು ಅಕ್ಷರ ವ್ಯತ್ಯಾಸಕ್ಕೆ ಫೈಲ್ ವಾಪಸ್ ಬಂದು ತಿಂಗಳುಗಟ್ಟಲೆ ಹೋಗುತ್ತೆ. ಈಗ ಸಮಯ ಇದೆ, ನಿಮ್ಮ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ, ಮಾರ್ಕ್ಸ್ ಕಾರ್ಡ್ ಎಲ್ಲ ಒಂದೇ ಥರ ಮಾಡಿಸಿ.

ಇನ್ನೊಂದು. ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಈಗ ನಾಮಿನಿ ಅವರ ತಂದೆ ತಾಯಿ ಇರ್ತಾರೆ. ಮದುವೆಯಾದ ಮೇಲೆ ಬದಲಾಯಿಸೋದು, ಪಾಲು ಮಾಡೋದು ಅವರಿಬ್ಬರ ನಿರ್ಧಾರ, ಆದರೆ ಆ ಮಾತು ಆಡಲೇಬೇಕು. ಹೊಸ ಮದುಮಗಳ ಹತ್ರ ಇದೆಂಥ ಅಪಶಕುನದ ಮಾತು ಅಂತ ಎಲ್ಲರೂ ಮುಂದೂಡ್ತಾರೆ. ಮುಂದೂಡಿದ ಮನೆಗಳಿಗೆ ನಾನು ಕಾಗದ ಹಿಡಿದುಕೊಂಡು ಹೋಗಿದ್ದೀನಿ. ದಯವಿಟ್ಟು ಮುಂದೂಡಬೇಡಿ.

ವಕೀಲ_ಮಲೆನಾಡು:
ಸರ್ಟಿಫಿಕೇಟ್ ಬಗ್ಗೆ: ಕರ್ನಾಟಕದಲ್ಲಿ 2024ರಿಂದ ಹಿಂದೂ ಮದುವೆ ನೋಂದಣಿಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನ್ ವ್ಯವಸ್ಥೆ ಇದೆ. ರಜೆ ಮುಗಿಯೋ ಮುಂಚೆ ಮಾಡಿಸಿ, ಅವರು ಗಡಿಗೆ ಹೋದ ಮೇಲೆ ಅಲೆದಾಟ. ಅಂತರ್ಧರ್ಮೀಯ ಜೋಡಿ ಯಾರಾದರೂ ಓದ್ತಿದ್ದರೆ, ವಿಶೇಷ ವಿವಾಹ ಕಾಯ್ದೆ 1954ರ ಅಡಿ 30 ದಿನದ ನೋಟಿಸ್ ಬೇಕು. ರಜೆ ಲೆಕ್ಕದಲ್ಲಿ ಅದನ್ನ ಮರೀಬೇಡಿ.

ನೌಕಾಪತ್ನಿ_ಕಾರವಾರ:
ಸಾಮಾನು! ಅಮ್ಮನಿಗೆ ಮಂಚ ಬೀರು ಕೊಳ್ಳಬೇಡಿ ಅಂತ ಕೈಮುಗಿದು ಹೇಳಿ. ಕ್ವಾರ್ಟರ್ಸ್‌ನಲ್ಲಿ ಎಂಇಎಸ್‌ನವರ (ಕ್ವಾರ್ಟರ್ಸ್ ನೋಡಿಕೊಳ್ಳೋ ಸೇನಾ ವಿಭಾಗ) ಮಂಚ, ಮೇಜು, ಕುರ್ಚಿ ಸಿಗುತ್ತೆ. ಎರಡು ಮೂರು ವರ್ಷಕ್ಕೊಮ್ಮೆ ಲಾರಿ ಹತ್ತಿಸಿ ಇಳಿಸಿದರೆ ಪ್ಲೈವುಡ್ ಬೀರು ಎರಡನೇ ಪೋಸ್ಟಿಂಗ್‌ಗೇ ಅಲ್ಲಾಡುತ್ತೆ. ಆ ದುಡ್ಡಲ್ಲಿ ಆರು ಕಪ್ಪು ಕಬ್ಬಿಣದ ಟ್ರಂಕ್ ತಗೊಳ್ಳಿ. ಹೊಸ ಜಾಗದಲ್ಲಿ ಅವನ್ನೇ ಜೋಡಿಸಿ ಮೇಲೆ ಹಾಸಿಗೆ ಹಾಕಿದ್ರೆ ದಿವಾನ ಆಗುತ್ತೆ.

ಬೆಳಗಾವಿ_ತಮ್ಮ:
ಟ್ರಂಕ್ ಎಲ್ಲಾ ಒಂದ ಅಳತಿದು ತಗೋರಿ. ಒಂದರ ಮ್ಯಾಲ ಒಂದು ಕೂಡಬೇಕು.

ಕೊಡಗಿನವಳು:
ಗ್ರೈಂಡರ್ ಒಯ್ಯಿ ತಂಗಿ, ಯಾರು ಏನೇ ಹೇಳಲಿ. ಉತ್ತರದಲ್ಲಿ ನಮ್ಮ ಥರದ್ದು ಸುಲಭಕ್ಕೆ ಸಿಗಲ್ಲ. ದೋಸೆ ಹಿಟ್ಟು ರುಬ್ಬಿದ ದಿನ ಅಕ್ಕಪಕ್ಕದ ಮನೆಯವರೆಲ್ಲ ಗೆಳತಿಯರಾದರು.

ಗಟ್ಟಿಮಾತು:
ಗ್ರೈಂಡರ್ ಕಲ್ಲು ಲಾರಿಯಲ್ಲಿ ಒಡೆಯಲ್ವಾ?

ಕೊಡಗಿನವಳು:
ಕಲ್ಲನ್ನ ಬೇರೆ ತೆಗೆದು ರಜಾಯಿಯಲ್ಲಿ ಸುತ್ತಿ ಟ್ರಂಕ್ ತಳಕ್ಕೆ ಇಡಬೇಕು. ಐದು ಪೋಸ್ಟಿಂಗ್ ಆಯ್ತು, ಒಡೆದಿಲ್ಲ.

ಕಂಟೋನ್ಮೆಂಟ್_ಅಕ್ಕ:
ಖರ್ಚಿನ ಬಗ್ಗೆ: ವರ್ಗಾವಣೆ ಆದಾಗ ಸಾಮಾನು ಸಾಗಣೆಗೆ ಭತ್ಯೆ, ಅದರ ಮೇಲೆ ಮೂಲ ವೇತನದ 80 ಶೇಕಡಾ ಕಾಂಪೊಸಿಟ್ ಟ್ರಾನ್ಸ್‌ಫರ್ ಗ್ರಾಂಟ್ ಇದೆ. ಲೆಫ್ಟಿನೆಂಟ್ ಮೂಲ ವೇತನ 56,100ರಿಂದ ಶುರು, ಲೆಕ್ಕ ಹಾಕಿ. ಲಾರಿಯವರ ಬಿಲ್, ತೂಕದ ಚೀಟಿ ಎಲ್ಲ ಒಂದು ಫೈಲಲ್ಲಿ ಜೋಪಾನ. ನನ್ನ ಮೊದಲ ಸಾಗಣೆಯಲ್ಲಿ ಲಾರಿಯವನು ಬಿಲ್ ಕೊಡದೆ ಹೋದ, ಕ್ಲೇಮ್ ಬಿದ್ದೇ ಹೋಯ್ತು.

ಹೊಸ_ಸದಸ್ಯೆ:
ಮಧ್ಯೆ ಬಂದೆ. ಅಪ್ಪ ಹುಡುಗನ ಕಡೆಯವರಿಗೆ ಫೋನ್ ಮಾಡಿದ್ರು. ಅವರಿಗೆ ಈ ನಿಯಮ ಗೊತ್ತೇ ಇರಲಿಲ್ಲವಂತೆ. ಹುಡುಗನಿಗೆ ಗೊತ್ತಿತ್ತು, ಮನೆಯವರಿಗೆ ಹೇಳೋಕೆ ಹೆದರಿದ್ದ. ಈಗ ಮಾತು ಮುಂದಕ್ಕೆ ಹಾಕಿದ್ದಾರೆ, ಮುರಿದಿಲ್ಲ.

ಕಾಯ್ತಿರೋ_ಹುಡುಗಿ:
ಭಾನುವಾರ ಅವರ ಜೊತೆ ಮಾತಾಡಿದೆ. ಈ ಬ್ರೇಕ್‌ನಲ್ಲಿ ಅಜ್ಜಿ ಮುಂದೆ ಆಶೀರ್ವಾದ ಮಾತ್ರ. ತಾಳಿ ಇಲ್ಲ ಅಂದಾಗ ಅವರ ದನಿಯಲ್ಲೇ ಎಷ್ಟು ಹಗುರ ಆಯ್ತು ಅಂತ ನನಗೆ ಗೊತ್ತಾಯ್ತು, ಪಾಪ, ಅವರಾಗಿ ಹೇಳೋಕೆ ಆಗಿರಲಿಲ್ಲ. ಮದುವೆ ಕಾರ್ತಿಕದಲ್ಲಿ, ಇಲ್ಲದಿದ್ದರೆ ಮಾಘದಲ್ಲಿ. ನಾನು ಕೆಲಸ ಬಿಡ್ತಿಲ್ಲ. ಆಧಾರ್‌ನಲ್ಲಿ ಇನಿಷಿಯಲ್ ಹಿಂದಿದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಸುಬೇದಾರ್ ಸರ್ ಹೇಳಿದ ಹಾಗೇ. ನಾಳೆ ಹೋಗ್ತೀನಿ.

ಅಮ್ಮ ಮಂಚ ಬಿಟ್ಟರು, ಟ್ರಂಕ್‌ಗೆ ಒಪ್ಪಿದರು. ಅಪ್ಪ ಆಗಲೇ ಪೇಂಟರ್‌ಗೆ ಹೇಳಿದ್ದಾರೆ. ಟ್ರಂಕ್ ಮೇಲೆ ಏನು ಬರೆಸಬೇಕು?

ಸುಬೇದಾರ್_ನಿವೃತ್ತ:
ಈಗ ಏನೂ ಬರೆಸಬೇಡಿ ತಂಗಿ. ಕಮಿಷನ್ ಆದ್ಮೇಲೆ ಅವರ ನಂಬರ್, ರ್ಯಾಂಕ್, ಹೆಸರು, ಆ ಕ್ರಮದಲ್ಲಿ ಬಿಳಿ ಬಣ್ಣದಲ್ಲಿ. ಅಲ್ಲಿವರೆಗೆ ಕಪ್ಪು ಬಣ್ಣ ಮಾತ್ರ ಹೊಡೆಸಿ, ಒಳಗಡೆಗೂ ಒಂದು ಕೋಟ್. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೆ.